ಹೊಳೆಯಾಚೆಯ ಹೆಸರುಗಳು: ರಿಪ್ಲಿಯಲ್ಲಿ ನಾಲ್ಕು ದಿನ

ಶುಕ್ರವಾರ

ಮಗಳು ಸಿನ್ಸಿನಾಟಿಯಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ನಾನು ಬಂದಾಗಲೆಲ್ಲ ನಯಾಗರ, ಷಿಕಾಗೊ, ವಾಷಿಂಗ್ಟನ್ ಎಂದು ದೊಡ್ಡ ದೊಡ್ಡ ಜಾಗಗಳನ್ನೇ ತೋರಿಸುತ್ತಿದ್ದಳು. ಅಷ್ಟೂ ದಾರಿಯಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ರಸ್ತೆಬದಿಯ ಕಂದು ಫಲಕಗಳು. ಒಂದೇ ಕಂಬದ ಮೇಲೆ ನಿಂತ, ಬಂಗಾರದ ಬಣ್ಣದ ಉಬ್ಬಕ್ಷರಗಳ ಲೋಹದ ಫಲಕ. ಕಾರು ಹೋಗುವ ವೇಗಕ್ಕೆ ಮೊದಲ ಪದ ಓದುವಷ್ಟರಲ್ಲಿ ಅದು ಹಿಂದೆ ಬಿದ್ದಿರುತ್ತಿತ್ತು. ಮೂವತ್ತೊಂದು ವರ್ಷ ಪಿರಿಯಾಪಟ್ಟಣದ ಕಡೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಊರ ಮುಂದೆ ಏನಾದರೂ ಬರೆದು ನಿಲ್ಲಿಸಿದ್ದಾರೆ ಎಂದರೆ ಅದನ್ನು ಓದದೆ ಮುಂದೆ ಹೋಗುವುದು ನನಗೆ ಸಂಕಟ. ಈ ಸಲ ಮಗಳಿಗೆ ಹೇಳಿಬಿಟ್ಟೆ: "ದೊಡ್ಡ ಊರು ಸಾಕು ಕಣೇ. ಒಂದು ಚಿಕ್ಕ ಊರಿಗೆ ಕರ್ಕೊಂಡು ಹೋಗು. ಅಲ್ಲಿರೋ ಫಲಕ ಎಲ್ಲಾ ನಿಂತು ಓದಬೇಕು."

ಅವಳು ರಿಪ್ಲಿ ಎಂದಳು. ಒಹಾಯೊ ನದಿಯ ದಡದ ಊರು, ಸಿನ್ಸಿನಾಟಿಯಿಂದ ಸುಮಾರು 80 ಕಿಲೋಮೀಟರು, ಎರಡು ಸಾವಿರಕ್ಕೂ ಕಡಿಮೆ ಜನ. ಅಕ್ಟೋಬರಿನ ಎರಡನೇ ಸೋಮವಾರ ರಜೆ ಇತ್ತು. ಶುಕ್ರವಾರ ಮಧ್ಯಾಹ್ನವೇ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಹನ್ನೊಂದು ವರ್ಷದ ಮೊಮ್ಮಗನಿಗೆ ನಾನೊಂದು ನೋಟ್‌ಬುಕ್ ಕೊಟ್ಟಿದ್ದೆ. ಯಾವ ಫಲಕದಲ್ಲಿ ಯಾರ ಹೆಸರಿದೆಯೋ ಅದನ್ನು ಬರೆದುಕೊಳ್ಳುವುದು ಅವನ ಕೆಲಸ.

52ನೇ ಹೆದ್ದಾರಿ ನದಿಯನ್ನು ಬಿಡದೆ ಜೊತೆಯಲ್ಲೇ ಹೋಗುತ್ತದೆ. ಬಲಗಡೆ ನದಿ, ಅದರಾಚೆ ಕೆಂಟಕಿ ರಾಜ್ಯದ ಗುಡ್ಡಗಳು. ಒಂದು ಕಾಲಕ್ಕೆ ಆಚೆ ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಈಚೆ ಒಹಾಯೊದಲ್ಲಿ ಇರಲಿಲ್ಲ. ಮೇಪಲ್ ಮರಗಳು ಕೆಂಪಾಗಿದ್ದವು. ಮೊದಲು ಸಿಕ್ಕಿದ್ದು ನ್ಯೂ ರಿಚ್ಮಂಡ್. 1836ರಲ್ಲಿ ಜೇಮ್ಸ್ ಬರ್ನಿ ಗುಲಾಮಗಿರಿಯ ವಿರುದ್ಧ ಪತ್ರಿಕೆ ಅಚ್ಚು ಹಾಕಲು ಶುರು ಮಾಡಿದ್ದು ಇಲ್ಲಿ. ಅದೇ ವರ್ಷ ಅದನ್ನು ಸಿನ್ಸಿನಾಟಿಗೆ ಸಾಗಿಸಿದಾಗ ಜನ ನುಗ್ಗಿ ಮುದ್ರಣ ಯಂತ್ರವನ್ನು ಒಡೆದು ಹೊಳೆಗೆ ಹಾಕಿದರು. ಮುಂದೆ ಪಾಯಿಂಟ್ ಪ್ಲೆಸೆಂಟ್. ಅಮೆರಿಕದ ಅಂತರ್ಯುದ್ಧ ಗೆದ್ದುಕೊಟ್ಟ ಸೇನಾನಿ, ಆಮೇಲೆ ಅಧ್ಯಕ್ಷನಾದ ಯುಲಿಸಿಸ್ ಗ್ರಾಂಟ್ 1822ರ ಏಪ್ರಿಲ್ 27ರಂದು ಹುಟ್ಟಿದ ಪುಟ್ಟ ಮನೆ ಅಲ್ಲಿದೆ. ನಮ್ಮ ಕಡೆಯ ದನದ ಕೊಟ್ಟಿಗೆಗಿಂತ ಬಹಳ ದೊಡ್ಡದೇನೂ ಇಲ್ಲ. ಹೊರಗಿನಿಂದಲೇ ನೋಡಿ ಹೊರಟೆವು.

ಯುಟೋಪಿಯಾ ಎಂಬ ಹೆಸರಿನ ಊರಿನಲ್ಲಿ ಮಾತ್ರ ಕಾಲು ಗಂಟೆ ನಿಂತೆ. ಊರು ಅಂದರೆ ಈಗ ರಸ್ತೆ ಪಕ್ಕದ ನಾಲ್ಕಾರು ಮನೆ, ಒಂದು ಫಲಕ. 1844ರಲ್ಲಿ ಫ್ರಾನ್ಸಿನ ಚಿಂತಕ ಫುರಿಯೆಯ ಅನುಯಾಯಿಗಳು ಎಲ್ಲರೂ ಕೂಡಿ ದುಡಿದು ಕೂಡಿ ಬಾಳುವ ಊರು ಕಟ್ಟಲು ಇಲ್ಲಿಗೆ ಬಂದರು. ಎರಡು ಮೂರು ವರ್ಷದಲ್ಲೇ ಅದು ಮುರಿದುಬಿತ್ತು. ಆಮೇಲೆ ಬಂದ ಇನ್ನೊಂದು ಪಂಗಡದವರು ಇಟ್ಟಿಗೆಯ ದೊಡ್ಡ ಮನೆಯನ್ನು ಬಿಚ್ಚಿ ತಂದು ನದಿಯ ಅಂಚಿನಲ್ಲಿ ಮತ್ತೆ ಕಟ್ಟಿಕೊಂಡರು. 1847ರ ಡಿಸೆಂಬರಿನಲ್ಲಿ ಹೊಳೆ ಉಕ್ಕಿ ಆ ಮನೆ ಕುಸಿಯಿತು, ಒಳಗಿದ್ದವರಲ್ಲಿ ಬಹಳ ಮಂದಿ ಸತ್ತರು. ಮೊಮ್ಮಗ ನೋಟ್‌ಬುಕ್ಕಿನಲ್ಲಿ ಎರಡು ಮೂರು ಹೆಸರು ಬರೆದುಕೊಂಡ. ಆಮೇಲೆ ಕೇಳಿದ: "ಅಜ್ಜಿ, ನೀರಲ್ಲಿ ಹೋದವರ ಹೆಸರು ಎಲ್ಲಿ?"

ಫಲಕದ ಹಿಂದೆಯೂ ಬರಹ ಇರುತ್ತದೆ ಎಂದು ಅವನಿಗೆ ತೋರಿಸಿದೆ. ಒಹಾಯೊದ ಫಲಕಗಳಿಗೆ ಎರಡೂ ಮುಖ. ಮುಂದೆ ಶುರುವಾದ ಕಥೆ ಎಷ್ಟೋ ಸಲ ಹಿಂದಕ್ಕೆ ಹೋಗಿ ಮುಗಿಯುತ್ತದೆ. ಅವನು ಓಡಿಹೋಗಿ ಹಿಂದಿನ ಮುಖ ಓದಿ ಬಂದ. ಅಲ್ಲೂ ಆ ಹೆಸರುಗಳಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ರಿಪ್ಲಿ ಸೇರಿದೆವು. ಹೊಳೆಯ ಎದುರಿನ ಬೀದಿಯಲ್ಲೇ ಹಳೆಯ ಮನೆಯೊಂದರ ಮಹಡಿಯ ಕೋಣೆ. ಕಿಟಕಿ ತೆಗೆದರೆ ನೀರು. ಎದುರು ದಡದಲ್ಲಿ ಎರಡೋ ಮೂರೋ ದೀಪ.

ಶನಿವಾರ

ಬೆಳಿಗ್ಗೆ ಆರೂವರೆಗೇ ಎದ್ದು ಒಬ್ಬಳೇ ಬೀದಿಗಿಳಿದೆ. ಹೊಳೆಯ ಮೇಲೆ ಮಂಜು. ಹೊಳೆಗೆ ಮುಖ ಮಾಡಿ ಸಾಲಾಗಿ ನಿಂತ ಇಟ್ಟಿಗೆ ಮನೆಗಳು, ಒಂದಕ್ಕೊಂದು ಭುಜ ತಾಗಿಸಿಕೊಂಡು. ಇದು ಫ್ರಂಟ್ ಸ್ಟ್ರೀಟ್. ಹಲವು ಮನೆಗಳ ಗೋಡೆಗೂ ಸಣ್ಣ ಸಣ್ಣ ಫಲಕ: ಇಲ್ಲಿ ಇಂಥ ವ್ಯಾಪಾರಿ ಇದ್ದ, ಇಲ್ಲಿ ಇಂಥ ವೈದ್ಯ ಇದ್ದ ಎಂದು. 1812ರಲ್ಲಿ ವರ್ಜೀನಿಯದಿಂದ ಬಂದ ಕರ್ನಲ್ ಜೇಮ್ಸ್ ಪೋಗ್ ಈ ಊರು ಕಟ್ಟಿ ಸ್ಟಾಂಟನ್ ಎಂದು ಹೆಸರಿಟ್ಟಿದ್ದ. 1816ರಲ್ಲಿ ರಿಪ್ಲಿ ಎಂಬ ಸೇನಾಧಿಕಾರಿಯ ಹೆಸರು ಬಂತು.

ಒಂದು ಫಲಕದ ಮುಂದೆ ನಿಂತು ಅಕ್ಷರಗಳ ಮೇಲೆ ಬೆರಳಾಡಿಸಿದೆ. ಅಲ್ಯೂಮಿನಿಯಮ್ಮಿನ ಎರಕ. ಮರಳಿನ ಅಚ್ಚಿನಲ್ಲಿ ಕಾದ ಲೋಹ ಹೊಯ್ದು, ಆರಿದ ಮೇಲೆ ಕಂದು ಬಣ್ಣ ಬಳಿದು, ಉಬ್ಬಿದ ಅಕ್ಷರಗಳ ನೆತ್ತಿಗೆ ಮಾತ್ರ ಬಂಗಾರದ ಬಣ್ಣ ಕೊಡುತ್ತಾರೆ. ಇದೇ ಹೊಳೆಯ ಮೇಲ್ದಂಡೆಯ ಮ್ಯಾರಿಯೆಟ್ಟಾ ಊರಿನ ಸೀವಾ ಸ್ಟುಡಿಯೋಸ್ ಎಂಬ ಫೌಂಡ್ರಿ 1927ರಿಂದ ಇಂಥ ಫಲಕ ಮಾಡುತ್ತಿದೆ, ಬೇರೆ ಬೇರೆ ರಾಜ್ಯಗಳಿಗೂ ಅಲ್ಲಿಂದಲೇ ಹೋಗುತ್ತವೆ. ಒಹಾಯೊದಲ್ಲಿ ಈ ಏರ್ಪಾಡು 1957ರಿಂದ ನಡೆದುಬಂದಿದೆ. ಈಗ 1,800ಕ್ಕೂ ಹೆಚ್ಚು ಫಲಕಗಳಿವೆ. ಅಡಿಯಲ್ಲಿ ಒಂದು ಸಂಖ್ಯೆ, ಅಡ್ಡಗೆರೆ, ಆಮೇಲೆ 8. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ. ಅವುಗಳನ್ನು ಅಕ್ಷರಾನುಕ್ರಮದಲ್ಲಿ ಎಣಿಸಿದರೆ ರಿಪ್ಲಿ ಇರುವ ಬ್ರೌನ್ ಕೌಂಟಿ ಎಂಟನೆಯದು, ಅದಕ್ಕೆ. ಬಿಸಿಲಿಗೆ ಬಣ್ಣ ಎದ್ದ ಕಡೆ ಲೋಹ ಬೆಳ್ಳಗೆ ಕಾಣುತ್ತಿತ್ತು. ಎರಡು ಸಾಲುಗಳ ನಡುವೆ ಜೇಡ ಬಲೆ ಕಟ್ಟಿ ಅದರಲ್ಲಿ ಮಂಜಿನ ಹನಿ ಕೂತಿತ್ತು. ನಾನು ಬಲೆ ಮುಟ್ಟಲಿಲ್ಲ.

ಹತ್ತು ಗಂಟೆಗೆ ಮೂವರೂ ಜಾನ್ ಪಾರ್ಕರ್ ಮನೆಗೆ ಹೋದೆವು. ಅದೇ ಬೀದಿಯ ತುದಿಯಲ್ಲಿ, ಹೊಳೆಗೆ ಎದುರಾಗಿ ನಿಂತ ಕೆಂಪು ಇಟ್ಟಿಗೆ ಮನೆ. ಬೀಳುವ ಸ್ಥಿತಿಯಲ್ಲಿದ್ದ ಇದನ್ನು 1990ರ ದಶಕದಲ್ಲಿ ಊರವರು ಸಂಘ ಕಟ್ಟಿಕೊಂಡು ಉಳಿಸಿದರು.

ಪಾರ್ಕರ್ ಕಥೆಯನ್ನು ಸಾವಧಾನವಾಗಿ ಹೇಳಬೇಕು. 1827ರಲ್ಲಿ ವರ್ಜೀನಿಯದ ನಾರ್ಫಕ್‌ನಲ್ಲಿ ಹುಟ್ಟಿದವನು. ತಾಯಿ ಗುಲಾಮಳು, ತಂದೆ ಬಿಳಿಯ. ಎಂಟು ವರ್ಷದ ಹುಡುಗನನ್ನು ತಾಯಿಯಿಂದ ಕಿತ್ತು ಮಾರಿದರು. ಸರಪಳಿಯಲ್ಲಿ ಸಾಲುಗಟ್ಟಿದ ಗುಲಾಮರ ಜೊತೆ ದಕ್ಷಿಣದ ಮೊಬೈಲ್ ನಗರದವರೆಗೆ ನಡೆಸಿದರು. ಅಲ್ಲಿ ಒಬ್ಬ ವೈದ್ಯ ಕೊಂಡುಕೊಂಡ. ವೈದ್ಯನ ಮಕ್ಕಳೇ ಗುಟ್ಟಾಗಿ ಓದು ಕಲಿಸಿದರು. ಎರಕದ ಕೆಲಸ ಕಲಿತ, ಓವರ್‌ಟೈಮ್ ದುಡಿದು ಕೂಡಿಟ್ಟ, 1845ರಲ್ಲಿ 1,800 ಡಾಲರ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ಇದನ್ನು ಹೇಳುವಾಗ ಮೊಮ್ಮಗ ನನ್ನನ್ನು ತಡೆದ. "ತನ್ನನ್ನು ತಾನೇ ಅಂದ್ರೆ?" ಅವನಮ್ಮ ಅವನ ತಲೆ ಸವರಿದಳು, ಏನೂ ಹೇಳಲಿಲ್ಲ.

ರಿಪ್ಲಿಗೆ ಬಂದ ಪಾರ್ಕರ್ ಹಗಲು ಫೌಂಡ್ರಿ ನಡೆಸಿದ. ರಾತ್ರಿ ದೋಣಿ ಹತ್ತಿ ಕೆಂಟಕಿಗೆ ಹೋಗಿ ಓಡಿಬಂದವರನ್ನು ಕರೆತರುತ್ತಿದ್ದ. ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂದು ಇದನ್ನೇ ಕರೆಯುತ್ತಾರೆ. ಅಲ್ಲಿ ರೈಲೂ ಇರಲಿಲ್ಲ, ಸುರಂಗವೂ ಇರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ, ರಾತ್ರಿಯಿಂದ ರಾತ್ರಿಗೆ, ಕೆನಡಾದವರೆಗೆ ಮನುಷ್ಯರನ್ನು ದಾಟಿಸುವ ದಾರಿ ಅದು. ಮತ್ತೆ ಸಿಕ್ಕಿಬಿದ್ದರೆ ಪಾರ್ಕರನ ಸ್ವಾತಂತ್ರ್ಯವೇ ಹೋಗುತ್ತಿತ್ತು. ಆದರೂ ಹೋದ. ಒಂದು ಸಲ ಗಂಡಹೆಂಡತಿ ಓಡಿಹೋಗದಿರಲೆಂದು ಯಜಮಾನ ಅವರ ಕೂಸನ್ನು ರಾತ್ರಿ ತನ್ನ ಮಂಚದ ಕಾಲ್ದೆಸೆಯಲ್ಲೇ ಮಲಗಿಸಿಕೊಳ್ಳುತ್ತಿದ್ದ, ಪಕ್ಕದ ಕುರ್ಚಿಯ ಮೇಲೆ ಪಿಸ್ತೂಲು. ಪಾರ್ಕರ್ ಬರಿಗಾಲಲ್ಲಿ ಆ ಕೋಣೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದ.

ಮನೆ ತೋರಿಸಿದಾಕೆ ಎಪ್ಪತ್ತು ದಾಟಿದ ಸ್ವಯಂಸೇವಕಿ. ಪಾರ್ಕರನ ಪೇಟೆಂಟುಗಳ ಬಗ್ಗೆ ಹೇಳುತ್ತ ಹೊಗೆಸೊಪ್ಪು ಒತ್ತುವ ಯಂತ್ರದ ಮಾತು ಬಂದಾಗ ನಾನು ತಟ್ಟನೆ ಮುಂದೆ ಬಂದೆ. ನಾವು ಹೊಗೆಸೊಪ್ಪಿನ ಸೀಮೆಯವರು. ಸೊಪ್ಪು ಬೇಯಿಸುವ ಅಪ್ಪನ ಬ್ಯಾರನ್ನಿನ ಬಿಸಿ ಗೋಡೆಗೆ ಬೆನ್ನು ಕೊಟ್ಟು ಓದಿಕೊಂಡು ಪರೀಕ್ಷೆ ಬರೆದವಳು ನಾನು. 1884 ಮತ್ತು 85ರಲ್ಲಿ ಅವನಿಗೆ ಹೊಗೆಸೊಪ್ಪಿನ ಪ್ರೆಸ್ಸಿಗೆ ಪೇಟೆಂಟು ಸಿಕ್ಕಿತು. 1890ರಲ್ಲಿ ಹೆಂಟೆ ಒಡೆಯುವ ಯಂತ್ರಕ್ಕೆ ಇನ್ನೊಂದು. ಈ ಕೌಂಟಿಯೇ ಬಿಳಿ ಬರ್ಲಿ ತಂಬಾಕಿನ ತವರು. 1864ರಲ್ಲಿ ಇಲ್ಲೇ ಹಿಗಿನ್ಸ್‌ಪೋರ್ಟ್ ಬಳಿಯ ಹೊಲದಲ್ಲಿ ಅದು ಮೊದಲು ಕಂಡಿದ್ದು. ನಮ್ಮಲ್ಲಿ ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ, ಬ್ಯಾರನ್ ಮುಚ್ಚಿ ಸೌದೆ ಉರಿಸಿ ಬೇಯಿಸುತ್ತೇವೆ. ಇಲ್ಲಿ ಗಿಡವನ್ನೇ ಬುಡಸಮೇತ ಕಡಿದು ಕೋಲಿಗೆ ಚುಚ್ಚಿ, ಗಾಳಿಯಾಡುವ ಮರದ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ವಾರಗಟ್ಟಲೆ ಒಣಗಲು ಬಿಡುತ್ತಾರೆ. ಇದನ್ನೆಲ್ಲ ಆಕೆಗೆ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು ತನ್ನಪ್ಪನ ಮನೆಯಲ್ಲೂ ಬೆಳೆಯುತ್ತಿದ್ದರು, ಆ ಅಂಟು ಕೈಬಿಡುವುದೇ ಇಲ್ಲ ಅಲ್ಲವೇ ಎಂದರು. ಹೌದು, ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡುವುದಿಲ್ಲ.

ಹೊರಡುವಾಗ ಆಕೆ ಹೇಳಿದ ಸಂಗತಿಯನ್ನು ಆಮೇಲೆ ಪಾರ್ಕರನದೇ ಮಾತುಗಳಲ್ಲಿ ಓದಿ ಖಚಿತ ಮಾಡಿಕೊಂಡೆ. 1880ರ ದಶಕದಲ್ಲಿ ಒಬ್ಬ ಪತ್ರಕರ್ತ ಪಾರ್ಕರನ ಬಾಯಿಂದ ಕೇಳಿ ಬರೆದುಕೊಂಡಿದ್ದ. ಅದು ಪುಸ್ತಕವಾಗಿ ಬರಲು 1996 ಆಯಿತು. ಪಾರ್ಕರ್ ಮೊದಲಿಗೆ ಒಂದು ದಿನಚರಿ ಇಟ್ಟಿದ್ದ. ತಾನು ದಾಟಿಸಿದವರ ಹೆಸರು, ತಾರೀಖು, ಬಂದ ಬಗೆ, ಎಲ್ಲ ಅದರಲ್ಲಿತ್ತು. 315 ಜನ. 1850ರಲ್ಲಿ ಹೊಸ ಕಾನೂನು ಬಂತು. ಓಡಿಬಂದವರಿಗೆ ನೆರವಾದರೆ ಸಾವಿರ ಡಾಲರ್ ದಂಡ, ಆರು ತಿಂಗಳು ಜೈಲು. ಆ ಪುಸ್ತಕ ಯಾರ ಕೈಗಾದರೂ ಸಿಕ್ಕಿದರೆ ತಾನೂ ಕೆಡುತ್ತೇನೆ, ದಾಟಿ ಹೋದವರೂ ಕೆಡುತ್ತಾರೆ ಎಂದು ಅದನ್ನು ಕಬ್ಬಿಣ ಕರಗಿಸುವ ಕುಲುಮೆಗೆ ಹಾಕಿಬಿಟ್ಟ.

ನಾನು ಆ ಮನೆಯ ಮುಂದಿನ ಫಲಕದ ಹತ್ತಿರ ಬಂದು ನಿಂತೆ. ಬೆಳಿಗ್ಗೆ ಬೆರಳಿಗೆ ತಾಗಿದ ಅಕ್ಷರಗಳು ಕುಲುಮೆಯಿಂದ ಬಂದವು. ಆ ಮುನ್ನೂರ ಹದಿನೈದು ಹೆಸರು ಕುಲುಮೆಗೆ ಹೋದವು. ಮೊಮ್ಮಗ ನೋಟ್‌ಬುಕ್ಕಿನಲ್ಲಿ "ಜಾನ್ ಪಾರ್ಕರ್" ಎಂದು ಬರೆದು ಅದರ ಕೆಳಗೆ 315 ಎಂದು ಬರೆದುಕೊಂಡ.

ಸಂಜೆ ಹೊಳೆ ದಂಡೆಯ ಬೆಂಚಿನ ಮೇಲೆ ಚಿತ್ರಾನ್ನ ತಿನ್ನುತ್ತ ಅವನಿಗೆ ಪಾರ್ಕರ್ ಹೇಳಿದ ಇನ್ನೊಂದು ಘಟನೆ ಹೇಳಿದೆ. ಒಂದು ರಾತ್ರಿ ಹತ್ತು ಜನರನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಆಚೆ ದಡಕ್ಕೆ ಬಂದ. ಇದ್ದದ್ದು ಒಂದೇ ದೋಣಿ, ಅದೂ ಚಿಕ್ಕದು. ಹಿಂದೆ ಬೆನ್ನಟ್ಟಿದವರ ಸದ್ದು. ದೋಣಿ ತುಂಬಿತು, ಇಬ್ಬರು ಗಂಡಸರು ದಡದಲ್ಲೇ ಉಳಿದರು. ಅವರಲ್ಲೊಬ್ಬ ದೋಣಿಯಲ್ಲಿದ್ದ ಹೆಂಗಸಿನ ಗಂಡ. ಆಕೆ ಗಂಡನಿಗಾಗಿ ಅಳತೊಡಗಿದಳು. ಆಗ ದೋಣಿಯೊಳಗೆ ಜಾಗ ಸಿಕ್ಕಿ ಕೂತಿದ್ದ ಒಬ್ಬ, ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಆಳು, ಒಂದು ಮಾತೂ ಆಡದೆ ಎದ್ದು ದಡಕ್ಕೆ ಇಳಿದುಬಿಟ್ಟ. ಗಂಡ ಹತ್ತಿದ. ದೋಣಿ ನಡುಹೊಳೆಯಲ್ಲಿರುವಾಗ ದಡದಲ್ಲಿ ದೀಪಗಳು ಓಡಾಡಿದವು. ಇಳಿದುಹೋದವನು ಸಿಕ್ಕಿಬಿದ್ದ.

"ಅವನ ಹೆಸರೇನು ಅಜ್ಜಿ?"

"ಪಾರ್ಕರ್‌ಗೂ ಗೊತ್ತಿರಲಿಲ್ಲ ಕಣೋ."

ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲು ಇದೆ. ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಕೆಳಗಿನ ಪಟ್ಟಿಯಲ್ಲಿ ದನಗಳ ಹಿಂಡು, ಬಿಲ್ಲು ಹಿಡಿದವರ ನಡುವೆ ಒಬ್ಬನೇ ನಿಂತು ಹೋರಾಡುವ ವೀರ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಒಂದಕ್ಷರವೂ ಇಲ್ಲ. ಆದರೂ ಊರು ಅವನ ಮುಖ ಕೆತ್ತಿಸಿತು, ಈಗಲೂ ಹಬ್ಬಕ್ಕೆ ಎಣ್ಣೆ ಹಚ್ಚುತ್ತದೆ. ದೋಣಿಯಿಂದ ಇಳಿದವನ ನೆನಪು ಆ ಬೆಂಚಿನ ಮೇಲೆ ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ಅವನಿಗೂ ಒಂದು ಕಲ್ಲು ಬೇಕಿತ್ತು, ಎದುರು ದಡದಲ್ಲಿ.

ಭಾನುವಾರ

ಊರ ಹಿಂದಿನ ಗುಡ್ಡದ ನೆತ್ತಿಯ ಮೇಲೆ ರ್ಯಾಂಕಿನ್ ಮನೆ. ಕಾರಿನಲ್ಲೂ ಹೋಗಬಹುದು. ಮಗಳು "ಅಮ್ಮ, ಮಂಡಿ ನೋವು ಇಟ್ಕೊಂಡು ಬೇಡ, ಮೇಲೆ ತನಕ ಡ್ರೈವ್ ಮಾಡ್ತೀನಿ" ಎಂದಳು. ನಾನು ಒಪ್ಪಲಿಲ್ಲ. ಕೆಳಗಿನಿಂದ ಕಾಡಿನ ನಡುವೆ ಏರುವ ನೂರು ಮೆಟ್ಟಿಲು ಇವೆ, ಸ್ವಾತಂತ್ರ್ಯದ ಮೆಟ್ಟಿಲು ಎನ್ನುತ್ತಾರೆ. ಈಗಿರುವವು ಹೊಸದಾಗಿ ಕಟ್ಟಿದವು. ದಾರಿ ಹಳೆಯದೇ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತೆ. ಎಲೆ ಉದುರಿ ಒದ್ದೆಯಾಗಿತ್ತು. ಹಗಲು ಹೊತ್ತಿನಲ್ಲಿ, ಕಂಬಿ ಹಿಡಿದುಕೊಂಡು, ಹಿಂದೆ ನಾಯಿಗಳ ಬೊಗಳಾಟವಿಲ್ಲದೆ ಹತ್ತಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಕತ್ತಲಲ್ಲಿ ಹತ್ತಿದವರು ಇದ್ದರು.

ಜಾನ್ ರ್ಯಾಂಕಿನ್ 1793ರಲ್ಲಿ ಟೆನೆಸಿಯಲ್ಲಿ ಹುಟ್ಟಿದ ಪ್ರೆಸ್ಬಿಟೇರಿಯನ್ ಪಾದ್ರಿ. 1822ರಲ್ಲಿ ರಿಪ್ಲಿಗೆ ಬಂದ. ವರ್ಜೀನಿಯದಲ್ಲಿದ್ದ ಅವನ ತಮ್ಮ ಥಾಮಸ್ ಗುಲಾಮರನ್ನು ಕೊಂಡುಕೊಂಡ ಸುದ್ದಿ ಬಂತು. ಅಣ್ಣ ತಮ್ಮನಿಗೆ ಕಾಗದದ ಮೇಲೆ ಕಾಗದ ಬರೆದ, ಅದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು, 1826ರಲ್ಲಿ ಪುಸ್ತಕವಾಯಿತು. ಗುಲಾಮಗಿರಿ ವಿರೋಧಿ ಚಳವಳಿಯ ದೊಡ್ಡ ಹೆಸರಾದ ವಿಲಿಯಂ ಲಾಯ್ಡ್ ಗ್ಯಾರಿಸನ್ ತಾನು ರ್ಯಾಂಕಿನ್‌ನ ಶಿಷ್ಯ ಎಂದು ಹೇಳಿಕೊಂಡ. ಒಡಹುಟ್ಟಿದವನಿಗೆ ಬರೆದ ಪತ್ರ ಎನ್ನುವುದೇ ನನಗೆ ಇದರಲ್ಲಿ ಹಿಡಿಸಿದ್ದು. ಪರರಿಗೆ ಬುದ್ಧಿ ಹೇಳುವುದು ಸುಲಭ, ತಮ್ಮನಿಗೆ ಹೇಳಲು ಎದೆ ಬೇಕು.

1828ರ ಹೊತ್ತಿಗೆ ಗುಡ್ಡದ ಮೇಲೆ ಈ ಮನೆ ಕಟ್ಟಿದ. ಹೆಂಡತಿ ಜೀನ್, ಹದಿಮೂರು ಮಕ್ಕಳು. ಒಳಗೆ ಹೋದರೆ ಇಷ್ಟು ಚಿಕ್ಕ ಮನೆಯಲ್ಲಿ ಅಷ್ಟು ಜನ ಹೇಗಿದ್ದರು ಅನಿಸುತ್ತದೆ, ಅದರ ಮೇಲೆ ರಾತ್ರಿ ಬಾಗಿಲು ತಟ್ಟಿ ಬಂದವರು ಬೇರೆ. ಎರಡು ಸಾವಿರಕ್ಕೂ ಹೆಚ್ಚು ಜನ ಇಲ್ಲಿಂದ ಹಾದುಹೋದರು ಎನ್ನುತ್ತಾರೆ. ಅಡುಗೆಮನೆಯ ಒಲೆಯ ಮುಂದೆ ಸುಮ್ಮನೆ ನಿಂತೆ. ಪುಸ್ತಕಗಳಲ್ಲಿ ಪಾದ್ರಿಯ ಹೆಸರು, ಬಂದೂಕು ಹಿಡಿದ ಗಂಡುಮಕ್ಕಳ ಹೆಸರು ಬರುತ್ತವೆ. ನಡುರಾತ್ರಿ ಎದ್ದು ಒಲೆ ಹಚ್ಚಿದ್ದು, ಒದ್ದೆ ಬಟ್ಟೆ ಆರಹಾಕಿದ್ದು, ಬಂದವರಿಗೆ ಬಡಿಸಿದ್ದು, ಬೆಳಗಾಗುವಷ್ಟರಲ್ಲಿ ಎಂಜಲು ತಟ್ಟೆ ತೊಳೆದು ಯಾರೂ ಬಂದಿರಲಿಲ್ಲ ಎಂಬಂತೆ ಮನೆ ಒಪ್ಪ ಮಾಡಿದ್ದು ಜೀನ್ ಮತ್ತು ಹೆಣ್ಣುಮಕ್ಕಳೇ ಇರಬೇಕು. ಮೊಮ್ಮಗನಿಗೆ "ಜೀನ್ ರ್ಯಾಂಕಿನ್ ಅಂತ ಬರ್ಕೋ, ದಪ್ಪಕ್ಷರದಲ್ಲಿ" ಎಂದೆ.

ಇಲ್ಲಿಂದ ರಾತ್ರಿ ಒಂದು ದೀಪ ಉರಿಯುತ್ತಿತ್ತು. ಆಚೆ ದಡದವರು ಅದನ್ನೇ ನೋಡಿಕೊಂಡು ಬರುತ್ತಿದ್ದರು. ಅಂಗಳದಿಂದ ನೋಡಿದೆ: ಕೆಳಗೆ ಊರಿನ ಮಾಡುಗಳು, ಬಾಗಿ ಹರಿಯುವ ಹೊಳೆ, ಅದರಾಚೆ ಮೈಲಿಗಟ್ಟಲೆ ಕೆಂಟಕಿ.

ಈ ಹೊಳೆಯನ್ನು 1838ರ ಚಳಿಗಾಲದಲ್ಲಿ ಒಬ್ಬ ತಾಯಿ ಕೂಸಿನೊಂದಿಗೆ ದಾಟಿ ಬಂದಳು. ಹೊಳೆ ಹೆಪ್ಪುಗಟ್ಟಿತ್ತು, ಆದರೆ ಮಂಜುಗಡ್ಡೆ ಒಡೆಯತೊಡಗಿತ್ತು. ಹೆಜ್ಜೆ ಹೆಜ್ಜೆಗೂ ನೀರಿಗೆ ಬಿದ್ದು, ಕೂಸನ್ನು ಮುಂದಿನ ಗಡ್ಡೆಯ ಮೇಲಿಟ್ಟು ಹತ್ತಿ ಬಂದಳು. ದಡದಲ್ಲಿ ಅವಳನ್ನು ಹಿಡಿಯಲೆಂದೇ ಕಾದಿದ್ದವನು, ಇಂಥ ಹೊಳೆ ದಾಟಿ ಬಂದವಳನ್ನು ಹೇಗೆ ಹಿಡಿಯುವುದೆಂದು ಗುಡ್ಡದ ಮನೆಯ ದಾರಿ ತೋರಿಸಿದ ಎಂದು ಊರಿನಲ್ಲಿ ಹೇಳುತ್ತಾರೆ. ಸಿನ್ಸಿನಾಟಿಯಲ್ಲಿದ್ದ ಹ್ಯಾರಿಯೆಟ್ ಬೀಚರ್ ಸ್ಟೋ ಈ ಸಂಗತಿ ಕೇಳಿ 1852ರ ತನ್ನ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯಲ್ಲಿ ತಂದಳು. ಎಲೈಜಾ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಅದು ಕಾದಂಬರಿಕಾರ್ತಿ ಇಟ್ಟ ಹೆಸರು. ಮಂಜಿನ ಮೇಲೆ ನಡೆದವಳನ್ನು ಅವಳ ತಾಯಿ ಏನೆಂದು ಕರೆಯುತ್ತಿದ್ದಳೋ ಆ ಹೆಸರು ಯಾವ ಫಲಕದ ಮೇಲೂ ಇಲ್ಲ. ಅವಳು ಅಷ್ಟಕ್ಕೇ ನಿಲ್ಲಲಿಲ್ಲ, ಕೆಂಟಕಿಯಲ್ಲಿ ಬಿಟ್ಟುಬಂದಿದ್ದ ಮಕ್ಕಳಿಗಾಗಿ ಕೆಲವು ವರ್ಷಗಳ ನಂತರ ತಿರುಗಿ ಬಂದಳು ಎಂದು ರ್ಯಾಂಕಿನ್ ಮನೆಯವರು ನೆನಪಿಸಿಕೊಂಡಿದ್ದಾರೆ.

ಮೆಟ್ಟಿಲಿಳಿಯುವಾಗ ಮೊಮ್ಮಗ ಕೇಳಿದ, ಹೊಳೆ ದಾಟಿದರೆ ಮುಗೀತಾ, ಅಷ್ಟೇನಾ ಎಂದು. ಅದನ್ನೂ ಹೇಳಬೇಕಾಯಿತು. 1787ರ ಕಾಯ್ದೆಯಂತೆ ಒಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿ ಇರಕೂಡದು. ಆದರೆ ಒಹಾಯೊ ರಾಜ್ಯವೇ 1807ರಲ್ಲಿ, ಕಪ್ಪು ಜನ ಇಲ್ಲಿ ನೆಲೆಸಬೇಕಾದರೆ 500 ಡಾಲರ್ ಮುಚ್ಚಳಿಕೆಗೆ ಜಾಮೀನು ಕೊಡಬೇಕು ಎಂದು ಕಾನೂನು ಮಾಡಿತ್ತು. ಇದಕ್ಕೂ, ಹಿಡಿಯಲು ಬರುವವರ ಭಯಕ್ಕೂ ಬಹಳ ಮಂದಿ ರಿಪ್ಲಿಯಲ್ಲಿ ನಿಲ್ಲದೆ ಕೆನಡಾದವರೆಗೆ ಹೋದರು. ಈ ಫಲಕಗಳಲ್ಲಿ ಆ ಕಾನೂನಿನ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. ಒಳ್ಳೆಯವರ ಹೆಸರು ಬರೆದ ಊರು ಅವರು ಯಾವ ಕಾನೂನಿನ ವಿರುದ್ಧ ನಿಂತರು ಎಂಬುದನ್ನೂ ಬರೆದರೆ ಆ ಹೆಸರುಗಳ ತೂಕ ಹೆಚ್ಚುತ್ತದೆ.

ದಾಟಿ ಬಂದವರಲ್ಲಿ ಹೆಸರು ಉಳಿದವರೂ ಇದ್ದಾರೆ, ಅದು ಸಿಕ್ಕಿದಾಗ ನನಗಾದ ಸಂತೋಷ ಹೇಳತೀರದು. ಗೇಬ್ರಿಯಲ್ ಯಂಗ್ ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು 1865ರಲ್ಲಿ ರಿಪ್ಲಿಗೆ ಬಂದು ಸೈನ್ಯಕ್ಕೆ ಸೇರಿದ. ಅವನ ಕೂಸು ಚಾರ್ಲ್ಸ್ ರಿಪ್ಲಿಯ ಹೈಸ್ಕೂಲಿನಲ್ಲಿ ಓದಿ 1881ರಲ್ಲಿ ಪಾಸಾದ, ಇಲ್ಲೇ ಮಕ್ಕಳಿಗೆ ಪಾಠ ಹೇಳಿದ, 1889ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯ ಮುಗಿಸಿದ ಮೂರನೇ ಕಪ್ಪು ವಿದ್ಯಾರ್ಥಿಯಾದ, ಕರ್ನಲ್ ಆದ. ನೋಟ್‌ಬುಕ್ಕಿನಲ್ಲಿ ಅಪ್ಪ ಮಗ ಇಬ್ಬರ ಹೆಸರೂ ಬಂತು.

ಸೋಮವಾರ

ಮೇಸ್ವಿಲ್ ಸೇತುವೆ ದಾಟಿ ಕೆಂಟಕಿಗೆ ಹೋದೆವು. ಅಲ್ಲಿಂದ ಗುಡ್ಡ ಹತ್ತಿದರೆ ವಾಷಿಂಗ್ಟನ್ ಎಂಬ ಹಳೆಯ ಪುಟ್ಟ ಊರು. 1833ರಲ್ಲಿ, ಆ ಕಾದಂಬರಿ ಬರೆಯುವುದಕ್ಕೆ ಬಹಳ ಮುಂಚೆ, ಹ್ಯಾರಿಯೆಟ್ ಬೀಚರ್ ತನ್ನ ವಿದ್ಯಾರ್ಥಿನಿಯ ಮನೆಗೆ ಅತಿಥಿಯಾಗಿ ಬಂದಿದ್ದಳು, ಆಗ ಕೋರ್ಟಿನ ಮುಂದೆ ಮನುಷ್ಯರ ಹರಾಜು ನೋಡಿದಳು ಎನ್ನುತ್ತಾರೆ. ಮರದ ದಿಮ್ಮಿಗಳ ಮನೆಗಳು, ಕಲ್ಲು ಹಾಸಿದ ಕಾಲುದಾರಿ, ತುಂಬ ಚೆಂದದ ಊರು. ಆ ಚೆಂದ ನೋಡಿಯೇ ನನಗೆ ಹೊಟ್ಟೆ ತೊಳಸಿದಂತಾಯಿತು. ಬೇಗ ಹೊರಟೆವು.

8ನೇ ರಸ್ತೆ ಹಿಡಿದು ಹೊಳೆಯ ದಕ್ಷಿಣ ದಡದಲ್ಲೇ ಪಶ್ಚಿಮಕ್ಕೆ ಬಂದೆವು. ಜೋಳದ ಹೊಲಗಳು, ಮಧ್ಯೆ ಕಪ್ಪು ಬಣ್ಣದ ಎತ್ತರದ ಹೊಗೆಸೊಪ್ಪಿನ ಕೊಟ್ಟಿಗೆ. ಉದ್ದುದ್ದ ಹಲಗೆಗಳನ್ನು ಬಾಗಿಲಿನಂತೆ ತೆರೆದಿಟ್ಟಿದ್ದರು, ಒಳಗೆ ಹಳದಿಯಿಂದ ಕಂದಿಗೆ ತಿರುಗುತ್ತಿದ್ದ ಗಿಡಗಳ ಸಾಲು. ಕಾರಿನ ಗಾಜು ಇಳಿಸಿದೆ. ಅದೇ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಕಣ್ಣು ಮುಚ್ಚಿದರೆ ಪಿರಿಯಾಪಟ್ಟಣ. ಈ ಗದ್ದೆಗಳಲ್ಲಿ ಆ ಕಾಲಕ್ಕೆ ಹೊಗೆಸೊಪ್ಪು ಬೆಳೆದವರು ಯಾರು ಎಂದು ನೆನಪಾಗಿ ಕಣ್ಣು ತೆರೆದೆ.

ರಿಪ್ಲಿ ಎದುರಿಗೆ ಬರುವ ಕಡೆ ಕಾರು ನಿಲ್ಲಿಸಲು ಹೇಳಿದೆ. ಆಚೆ ದಡದಲ್ಲಿ ನಿನ್ನೆ ನಡೆದ ಬೀದಿ ಬೆಂಕಿಪೆಟ್ಟಿಗೆಗಳ ಸಾಲಿನಂತೆ, ಮೇಲೆ ಗುಡ್ಡದ ನೆತ್ತಿಯಲ್ಲಿ ಒಂದು ಕೆಂಪು ಚುಕ್ಕೆ, ರ್ಯಾಂಕಿನ್ ಮನೆ. ನಾನು ನಿಂತ ಜಾಗದಲ್ಲಿ ಹುಲ್ಲು, ಮುಳ್ಳುಕಂಟಿ, ತಂತಿ ಬೇಲಿ. ಯಾವ ಫಲಕವೂ ಇಲ್ಲ.

ಈ ದಡದ ಒಬ್ಬನ ಹೆಸರು ನನಗೆ ಗೊತ್ತಿತ್ತು. ಆರ್ನಲ್ಡ್ ಗ್ರಾಗ್ಸ್‌ಟನ್, ಇದೇ ಮೇಸನ್ ಕೌಂಟಿಯಲ್ಲಿ ಗುಲಾಮನಾಗಿದ್ದ ಹುಡುಗ. 1930ರ ದಶಕದಲ್ಲಿ, ತೊಂಬತ್ತೇಳನೇ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿ ಸರ್ಕಾರದ ಪರವಾಗಿ ಬಂದವರಿಗೆ ತನ್ನ ಕಥೆ ಹೇಳಿದ. ಮೊದಲ ಸಲ ಒಬ್ಬ ಹುಡುಗಿಯನ್ನು ದಾಟಿಸುವಾಗ ಭಯದಿಂದ ಕೈ ನಡುಗುತ್ತಿತ್ತಂತೆ. ರಿಪ್ಲಿ ದಡದಲ್ಲಿ ಇಬ್ಬರು ಗಂಡಸರು ಕತ್ತಲಿನಿಂದ ಬಂದು ಹುಡುಗಿಯನ್ನು ಇಳಿಸಿಕೊಂಡರು. ಒಬ್ಬ ಇವನ ತೋಳು ಹಿಡಿದ. ಕೆಟ್ಟೆ ಎಂದುಕೊಂಡ. ಅವನು ಕೇಳಿದ್ದು, ಹಸಿವಾಗಿದೆಯೇನೋ ಹುಡುಗ, ಎಂದು. ಆಮೇಲೆ ನಾಲ್ಕು ವರ್ಷ, ತಿಂಗಳಿಗೆ ಮೂರು ನಾಲ್ಕು ಸಲ, ತಾನಿನ್ನೂ ಗುಲಾಮನಾಗಿಯೇ ಇದ್ದುಕೊಂಡು ಜನರನ್ನು ದಾಟಿಸಿದ. ರ್ಯಾಂಕಿನ್ ಅಂಗಳದ ದೀಪ ಮೂವತ್ತು ಅಡಿ ಎತ್ತರದಲ್ಲಿ ರಾತ್ರಿಯೆಲ್ಲ ಉರಿಯುತ್ತಿತ್ತು ಎಂದು ಅವನ ನೆನಪು. ಹೋಗುತ್ತಿದ್ದದ್ದು ಚಂದ್ರನಿಲ್ಲದ ರಾತ್ರಿಗಳಲ್ಲಿ, ದೀಪ ಹಚ್ಚುವಂತಿರಲಿಲ್ಲ. ಆ ಹುಡುಗಿಯನ್ನು ಬಿಟ್ಟರೆ ತಾನು ದಾಟಿಸಿದ ಒಬ್ಬರ ಮುಖವನ್ನೂ ಅವನು ನೋಡಲಿಲ್ಲ. ದಡದಲ್ಲಿ ಕತ್ತಲಲ್ಲಿ ಒಂದು ಗುರುತಿನ ಮಾತು ಕೇಳಿ, ದನಿ ಹಿಡಿದು, ದೋಣಿ ಹತ್ತಿಸಿಕೊಳ್ಳುತ್ತಿದ್ದ.

ಮೊಮ್ಮಗ ನೋಟ್‌ಬುಕ್ ತೆಗೆದ. ಗ್ರಾಗ್ಸ್‌ಟನ್ ಹೆಸರು ಬರೆದ. ಆಮೇಲೆ ಹೊಸ ಪುಟ ತಿರುವಿ ಮೇಲೆ "ದೋಣಿಯಿಂದ ಇಳಿದವನು" ಎಂದು ಬರೆದು, ಕೆಳಗೆ ಜಾಗ ಬಿಟ್ಟ. ಅವನಿಗೆ ಕನ್ನಡ ಬರೆಯಲು ಇನ್ನೂ ಪೂರ್ತಿ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದ. ನಾನು ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅವನು ನೋಡಿಕೊಂಡು ಕೆಳಗೆ ತಿದ್ದಿದ.

ಅಗಸ್ಟಾ ಊರಿನ ಹತ್ತಿರ ಕಾರುಗಳನ್ನು ದಾಟಿಸುವ ಫೆರ್ರಿ ಇದೆ. ಸೇತುವೆ ಇದ್ದರೂ ನೀರಿನ ಮೇಲೆಯೇ ಹೋಗೋಣ ಎಂದೆ. ದಾಟುವಾಗ ಕಾರಿನಿಂದ ಇಳಿದು ಕಂಬಿ ಹಿಡಿದು ನಿಂತೆವು. ಆ ಕಾಲದ ಹೊಳೆ ಇಷ್ಟು ಅಗಲ ಇರಲಿಲ್ಲ ಎಂದು ಮಗನಿಗೆ ಮಗಳು ಹೇಳುತ್ತಿದ್ದಳು. ಕೆಳಗೆ 1960ರ ದಶಕದಲ್ಲಿ ಕಟ್ಟಿದ ಮೆಲ್ಡಾಲ್ ಅಣೆಕಟ್ಟು ನೀರನ್ನು ಎತ್ತರಿಸಿದೆ. ಮುಂಚೆ ಬೇಸಿಗೆಯಲ್ಲಿ ಕೆಲವು ಕಡೆ ನಡೆದೂ ದಾಟಬಹುದಿತ್ತಂತೆ.

ಹೊಳೆ ಯಾರದು ಎಂಬುದು ನನಗೆ ಗೊತ್ತಿತ್ತು, ಅದನ್ನು ಹೇಳಿದೆ. ರಾಜ್ಯಗಳ ಗಡಿ ನಡುನೀರಿನಲ್ಲಿಲ್ಲ. ಕೆಂಟಕಿ 1792ರಲ್ಲಿ ರಾಜ್ಯವಾದಾಗ ಹೊಳೆಯ ಉತ್ತರ ದಡದಲ್ಲಿ ಕಡಿಮೆ ನೀರು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಯವರೆಗೆ ಅದರದೇ. 1980ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಂದರೆ ಹೊಳೆಯ ನಡುವೆ ಬಂದೆ, ಬದುಕಿದೆ ಎನ್ನುವ ಹಾಗಿರಲಿಲ್ಲ. ಮಂಜಿನ ಮೇಲೆ ಬಂದವಳು ಆಚೆ ದಡದ ಕೆಸರಿಗೆ ಕಾಲಿಡುವವರೆಗೂ ಕೆಂಟಕಿಯಲ್ಲೇ ಇದ್ದಳು.

ಮೊಮ್ಮಗ ಕಂಬಿಯ ಮೇಲಿಂದ ಬಗ್ಗಿ ನೀರು ನೋಡಿದ.

"ಅಜ್ಜಿ, ಈಗ ಎಲ್ಲಿದೀವಿ?"

"ಕೆಂಟಕಿ."

ಒಹಾಯೊ ದಡದ ಮರಗಳ ಎಲೆ ಒಂದೊಂದೂ ಕಾಣುವಷ್ಟು ಹತ್ತಿರ ಬಂತು.

"ಈಗ?"

"ಇನ್ನೂ ಕೆಂಟಕಿನೇ ಕಣೋ."

ಅವನು ಆಮೇಲೆ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ನಿಂತ. ಕಬ್ಬಿಣದ ಹಲಗೆ ಇಳಿದು ದಡದ ಕಾಂಕ್ರೀಟಿಗೆ ಠಣ್ಣೆಂದು ಬಡಿಯಿತು.